ಹಾರ್ಡ್‌ಕೋರ್ ಪಂಕ್ ರೆಕಾರ್ಡ್: ಕೊಳ್ಳುವ ಮುಂಚೆ ಓದೋದು ಕಲಿಯಿರಿ

ಹಾರ್ಡ್‌ಕೋರ್ ಪಂಕ್ ಅಂದರೆ ಪಂಕ್ ರಾಕ್ ಸಂಗೀತದ ಇನ್ನೂ ವೇಗದ, ಇನ್ನೂ ಜೋರಿನ ರೂಪ. 1980ರಲ್ಲಿ ಅಮೆರಿಕದ ವಾಷಿಂಗ್ಟನ್ ಡಿಸಿಯಲ್ಲಿ ಟೀನ್ ಐಡಲ್ಸ್ ಅನ್ನೋ ಹುಡುಗರ ಬ್ಯಾಂಡ್ ಒಡೆದುಹೋಯಿತು. ಶೋಗಳಿಂದ ಕೂಡಿಟ್ಟ ಸ್ವಲ್ಪ ದುಡ್ಡು ಉಳಿದಿತ್ತು. ಹಂಚಿಕೊಳ್ಳೋ ಬದಲು ಅದರಲ್ಲಿ ತಮ್ಮ ಹಾಡುಗಳ ಒಂದು ಸೆವೆನ್ ಇಂಚು (ಏಳು ಇಂಚು ಅಗಲದ ಚಿಕ್ಕ) ರೆಕಾರ್ಡ್ ಮಾಡಿಸಿದರು, ಒಂದು ಸಾವಿರ ಪ್ರತಿ. ಕವರ್ ಹೇಗೆ ಮಾಡಬೇಕು ಅಂತ ಗೊತ್ತಿರಲಿಲ್ಲ. ಇಂಗ್ಲೆಂಡಿನಿಂದ ಬಂದ ಒಂದು ರೆಕಾರ್ಡಿನ ಕವರ್ ಬಿಚ್ಚಿ, ಹಾಳೆಯ ಮೇಲಿಟ್ಟು ಗೆರೆ ಎಳೆದು ಅಳತೆ ತೆಗೆದರು. ಪ್ರಿಂಟ್ ಹಾಕಿಸಿ, ಗೆಳೆಯರೆಲ್ಲ ಸೇರಿ ಕತ್ತರಿಯಲ್ಲಿ ಕತ್ತರಿಸಿ, ಮಡಚಿ, ಗೋಂದು ಹಚ್ಚಿ ಅಂಟಿಸಿದರು. ಡಿಸ್ಕಾರ್ಡ್ ರೆಕಾರ್ಡ್ಸ್ ಅನ್ನೋ ಲೇಬಲ್ (ರೆಕಾರ್ಡ್ ಕಂಪನಿ) ಶುರುವಾಗಿದ್ದು ಹೀಗೆ. ಇಯಾನ್ ಮೆಕಾಯ್, ಜೆಫ್ ನೆಲ್ಸನ್ ಅದನ್ನು ನಡೆಸಿದರು. ಅವರಿಬ್ಬರ ಮುಂದಿನ ಬ್ಯಾಂಡ್ ಮೈನರ್ ಥ್ರೆಟ್ 1981ರಲ್ಲಿ ತಂದ ಮೊದಲ ಸೆವೆನ್ ಇಂಚಿನಲ್ಲಿ 8 ಹಾಡು ಇವೆ! ಹಾಡುಗಳು ಅಷ್ಟು ಚಿಕ್ಕವು, ಅಷ್ಟು ಜೋರು.

ಈ ಕಥೆ ಮೊದಲೇ ಹೇಳೋಕೆ ಕಾರಣ ಇದೆ. ರಾಜ್‌ಕುಮಾರ್ ಸಿನಿಮಾದ ಎಚ್‌ಎಂವಿ ರೆಕಾರ್ಡ್ ಹಿಂದೆ ಒಂದು ದೊಡ್ಡ ಕಂಪನಿ ಇತ್ತು, ಒಂದೇ ಥರದ ಕವರ್ ಇತ್ತು. ಹಾರ್ಡ್‌ಕೋರ್ ಹಾಗಲ್ಲ. ಹದಿನೆಂಟು ಇಪ್ಪತ್ತು ವರ್ಷದವರು ಕೈಯಲ್ಲಿ ದುಡ್ಡಿದ್ದಷ್ಟು ಪ್ರತಿ ಮಾಡಿಸುತ್ತಿದ್ದರು, ಖಾಲಿಯಾದ ಮೇಲೆ ಮತ್ತೆ ಮಾಡಿಸುತ್ತಿದ್ದರು. ಎರಡನೇ ಸಲ ಕವರಿನ ಬಣ್ಣ ಬೇರೆ, ಪ್ಲೇಟಿನ ನಡುವಿನ ಕಾಗದದ ಲೇಬಲ್ ಬೇರೆ, ಕೆಲವು ಸಲ ಒಳಗಿನ ಹಾಳೆಯೇ ಬೇರೆ. ಒಂದೇ ಹೆಸರಿನ ರೆಕಾರ್ಡಿಗೆ ಐದಾರು ಮುಖ. ಆದ್ದರಿಂದ ದುಡ್ಡು ಕೊಡೋ ಮುಂಚೆ ಪ್ಲೇಟನ್ನು ಓದೋದು ಕಲಿಯಬೇಕು. ಉಳಿದಿದ್ದೆಲ್ಲ ಆಮೇಲೆ.

ಒಂದು ಊರು ಹಿಡಿಯಿರಿ

ಎಲ್ಲಾ ಒಟ್ಟಿಗೆ ಕೊಳ್ಳೋಕೆ ಹೋಗಬೇಡಿ. ಜೇಬು ಖಾಲಿಯಾಗುತ್ತೆ, ತಲೆಗೆ ಏನೂ ಹೋಗಲ್ಲ. ಹಾರ್ಡ್‌ಕೋರ್ ಅನ್ನೋದು ಊರೂರಿನ ಸಂಗೀತ. ವಾಷಿಂಗ್ಟನ್ನಿಗೆ ಡಿಸ್ಕಾರ್ಡ್. ಲಾಸ್ ಏಂಜಲೀಸ್ ಕಡೆಗೆ ಬ್ಲ್ಯಾಕ್ ಫ್ಲ್ಯಾಗ್ ಬ್ಯಾಂಡಿನ ಗ್ರೆಗ್ ಗಿನ್ ನಡೆಸಿದ ಎಸ್‌ಎಸ್‌ಟಿ. ಮಿಶಿಗನ್‌ನಲ್ಲಿ ಟಚ್ ಅಂಡ್ ಗೋ, ಅದು ಮೊದಲು ಲ್ಯಾನ್ಸಿಂಗ್ ಊರಿನ ಒಂದು ಚಿಕ್ಕ ಪತ್ರಿಕೆ, ಆಮೇಲೆ ಲೇಬಲ್ ಆಯಿತು. ಸ್ವಲ್ಪ ಮುಂದೆ ಬಂದರೆ 1987ರಲ್ಲಿ ಶುರುವಾದ ರೆವೆಲೇಶನ್ ರೆಕಾರ್ಡ್ಸ್, ನ್ಯೂಯಾರ್ಕ್ ಬ್ಯಾಂಡುಗಳ ಮನೆ. ಇಂಗ್ಲೆಂಡಿನ ಸ್ಟೋಕ್‌ನಲ್ಲಿ ಡಿಸ್ಚಾರ್ಜ್, ಅವರಿಗೆ ಕ್ಲೇ ರೆಕಾರ್ಡ್ಸ್. ಜಪಾನ್, ಸ್ವೀಡನ್, ಇಟಲಿ, ಬ್ರೆಜಿಲ್ ಒಂದೊಂದೂ ಬೇರೆಯೇ ಲೋಕ.

ಯಾವುದಾದರೂ ಒಂದು ಲೇಬಲ್ ತಗೊಳ್ಳಿ. ಅದರ ಮೊದಲ ಹತ್ತು ರೆಕಾರ್ಡುಗಳ ಪಟ್ಟಿ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ, ನಂಬರ್ ಸಮೇತ. ನಾನು ಶುರು ಮಾಡಿದ್ದು ಡಿಸ್ಕಾರ್ಡಿನಿಂದ. ಹೊಸಬರಿಗೆ ನಾನು ಇವತ್ತಿಗೂ ಅದನ್ನೇ ಹೇಳೋದು, ಯಾಕಂದ್ರೆ ಅವರ ಹಳೆಯ ಹಾಡುಗಳು ಇನ್ನೂ ಹೊಸ ಪ್ರತಿಗಳಲ್ಲಿ ಸಿಗುತ್ತವೆ, ಬೆಲೆಯೂ ಕೈಗೆಟುಕುತ್ತೆ. ಶುರುವಿನ ದಿನಗಳ ನಾಲ್ಕು ಬೇರೆ ಬೇರೆ ಬ್ಯಾಂಡುಗಳ ಸೆವೆನ್ ಇಂಚುಗಳನ್ನು ಒಂದೇ ಹನ್ನೆರಡು ಇಂಚಿನ ಪ್ಲೇಟಿಗೆ ಹಾಕಿ 1984ರಲ್ಲೇ ಅವರು ಹೊರತಂದಿದ್ದರು. ಅಂದರೆ ರೀಇಶ್ಯೂ (ಹಳೆಯ ರೆಕಾರ್ಡನ್ನು ಮತ್ತೆ ಹೊರತರೋದು) ಅನ್ನೋದು ಮೊನ್ನೆ ಮೊನ್ನೆ ಹುಟ್ಟಿದ ವ್ಯಾಪಾರ ಅಲ್ಲ. ಹಾಡು ಎಲ್ಲರಿಗೂ ಸಿಗಲಿ ಅಂತ ಆ ಹುಡುಗರೇ ಮಾಡಿದ ಕೆಲಸ ಅದು.

ಮೊದಲು ರೀಇಶ್ಯೂ, ಆಮೇಲೆ ಒರಿಜಿನಲ್

ಇಲ್ಲಿ ನನ್ನ ಅಭಿಪ್ರಾಯ ಗಟ್ಟಿ. ಬ್ಯಾಂಡಿಗೆ ದುಡ್ಡು ಹೋಗುವ ರೀಇಶ್ಯೂ ಮಾರ್ಕೆಟ್‌ನಲ್ಲಿ ಇದ್ದರೆ ಅದನ್ನೇ ಮೊದಲು ಕೊಳ್ಳಿ. ಹಳೆಯ ಪ್ರತಿಗೆ ನೀವು ಇಪ್ಪತ್ತು ಸಾವಿರ ಕೊಟ್ಟರೂ ಹಾಡಿದವರಿಗೆ ಒಂದು ರೂಪಾಯಿ ಹೋಗಲ್ಲ, ಅಲ್ವಾ? ಬ್ಯಾಡ್ ಬ್ರೇನ್ಸ್ ಬ್ಯಾಂಡಿನವರು ತಮ್ಮ ಹಳೆಯ ರೆಕಾರ್ಡುಗಳನ್ನು 2021ರಿಂದ ಆರ್ಗ್ ಮ್ಯೂಸಿಕ್ ಜೊತೆ ಸೇರಿ ತಮ್ಮದೇ ಲೇಬಲ್ಲಿನಲ್ಲಿ ಮತ್ತೆ ತರುತ್ತಿದ್ದಾರೆ. ಟ್ರಸ್ಟ್ ರೆಕಾರ್ಡ್ಸ್ ಸರ್ಕಲ್ ಜರ್ಕ್ಸ್ ಬ್ಯಾಂಡಿನ ಮೊದಲ ಎಲ್‌ಪಿಯನ್ನು (ಹನ್ನೆರಡು ಇಂಚಿನ ದೊಡ್ಡ ಪ್ಲೇಟನ್ನು) ಮತ್ತೆ ತಂದಿದೆ. 1980ರ ಎಲ್‌ಪಿ ಅದು, 14 ಹಾಡು, ಹದಿನೈದು ನಿಮಿಷ ಅಷ್ಟೇ. ಬಾಸ್ಟನ್ನಿನ ಎಸ್‌ಎಸ್‌ಡಿ ಬ್ಯಾಂಡಿನ ಮೊದಲ ಎಲ್‌ಪಿಯೂ ಅವರಿಂದಲೇ ವಾಪಸ್ ಬಂತು. ಜಪಾನಿನ ಜಿಸ್ಮ್ ಬ್ಯಾಂಡಿನ 1983ರ ಎಲ್‌ಪಿಯನ್ನು 2020ರಲ್ಲಿ ರಿಲ್ಯಾಪ್ಸ್ ಲೇಬಲ್ ಅಧಿಕೃತವಾಗಿ ತಂದಿತು. ಅದಕ್ಕೂ ಮುಂಚೆ ಆ ಎಲ್‌ಪಿ ಬೇಕು ಅಂದರೆ ಭಾರಿ ದುಡ್ಡು ಸುರಿಯಬೇಕಿತ್ತು, ಇಲ್ಲಾ ಬೂಟ್‌ಲೆಗ್, ಅಂದರೆ ಅನುಮತಿ ಇಲ್ಲದ ಕಳ್ಳಪ್ರತಿ, ಕೊಳ್ಳಬೇಕಿತ್ತು.

ರೀಇಶ್ಯೂ ಕೊಳ್ಳುವಾಗ ಒಂದು ಪ್ರಶ್ನೆ ಕೇಳಿ: ಇದನ್ನು ಎಲ್ಲಿಂದ ಮಾಡಿದ್ದಾರೆ? ಮೂಲ ಟೇಪಿನಿಂದ ಮಾಡಿದ್ದರೆ ಲೇಬಲ್‌ನವರು ಸಾಮಾನ್ಯವಾಗಿ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಟೇಪ್ ಕಳೆದುಹೋಗಿದ್ದರೆ ಚೆನ್ನಾಗಿರೋ ಹಳೆಯ ಪ್ಲೇಟಿನಿಂದ ಮಾಡಿರುತ್ತಾರೆ, ಅದೂ ತಪ್ಪಲ್ಲ, ಪ್ರಾಮಾಣಿಕವಾಗಿ ಬರೆದಿದ್ದರೆ ಸಾಕು. ಏನೂ ಹೇಳದೆ ಬರೀ ಬಣ್ಣದ ವಿನೈಲ್ ತೋರಿಸಿದರೆ ಸ್ವಲ್ಪ ನಿಂತು ಯೋಚಿಸಿ. ಇನ್ನೊಂದು ಮಾತು. ರೀಮಾಸ್ಟರ್ ಅಂದರೆ ಅದೇ ಮಿಕ್ಸಿನ ದನಿಯನ್ನು ಮತ್ತೆ ಹದ ಮಾಡಿದ್ದು. ರೀಮಿಕ್ಸ್ ಅಂದರೆ ಗಿಟಾರು, ಡ್ರಮ್ಮು, ಬಾಯಿ ಎಲ್ಲದರ ಅಳತೆಯನ್ನೇ ಬದಲಾಯಿಸಿದ್ದು. ಎರಡನ್ನೂ ಒಂದೇ ಅಂದುಕೊಂಡರೆ ಮನೆಗೆ ಬಂದಮೇಲೆ ನಿಮಗೆ ಗೊತ್ತಿರೋ ಹಾಡು ಗುರುತೇ ಸಿಗಲ್ಲ.

ಲೇಬಲ್ ಪಕ್ಕದ ಖಾಲಿ ಜಾಗ

ಈಗ ಮುಖ್ಯ ವಿಷಯ. ಪ್ಲೇಟನ್ನು ಕಿಟಕಿ ಬೆಳಕಿಗೆ ಓರೆಯಾಗಿ ಹಿಡಿಯಿರಿ. ಹಾಡಿನ ಗೆರೆಗಳು ಮುಗಿದು ಕಾಗದದ ಲೇಬಲ್ ಶುರುವಾಗುವ ನಡುವೆ ಒಂದು ನುಣುಪಾದ ಪಟ್ಟಿ ಇರುತ್ತೆ. ಇದಕ್ಕೆ ಡೆಡ್ ವ್ಯಾಕ್ಸ್ ಅಂತಾರೆ. ಅಲ್ಲಿ ಸಣ್ಣಗೆ ಕೆರೆದ ಅಕ್ಷರ, ನಂಬರ್ ಕಾಣುತ್ತೆ. ಕೆಲವು ಕೈಯಲ್ಲಿ ಗೀಚಿದ್ದು, ಕೆಲವು ಅಚ್ಚು ಒತ್ತಿದ್ದು. ರೆಕಾರ್ಡಿನ ನಂಬರ್, ಯಾವ ಬದಿ, ಅಚ್ಚು ಮಾಡಿದ ಫ್ಯಾಕ್ಟರಿಯ ಗುರುತು, ಮೂಲ ಅಚ್ಚಿಗೆ ಹಾಡಿನ ಗೆರೆ ಕೊರೆದವರ ಸಹಿ, ಬಹಳ ಸಲ ಬ್ಯಾಂಡಿನವರು ಸ್ನೇಹಿತರಿಗೆ ಬರೆದ ಒಂದು ಸಾಲು ಕೂಡ. ನನಗಂತೂ ಆ ಸಾಲು ಸಿಕ್ಕಿದಾಗ ನಲವತ್ತು ವರ್ಷದ ಹಿಂದಿನ ಯಾರೋ ಒಬ್ಬ ಹುಡುಗ ಪಕ್ಕದಲ್ಲೇ ಕೂತು ಮಾತಾಡಿದ ಹಾಗೆ ಅನ್ನಿಸುತ್ತೆ.

ಕವರ್ ನಕಲು ಮಾಡೋದು ಸುಲಭ. ಸ್ಕ್ಯಾನ್ ಮಾಡಿ ಪ್ರಿಂಟ್ ಹಾಕಿದರೆ ಆಯಿತು. ಡೆಡ್ ವ್ಯಾಕ್ಸ್ ನಕಲು ಮಾಡೋದು ಅಷ್ಟು ಸುಲಭ ಅಲ್ಲ, ಬಹಳ ಜನ ಆ ತೊಂದರೆಯನ್ನೇ ತಗೊಳ್ಳಲ್ಲ. ಅದಕ್ಕೇ ಹಳೆಯ ಸೆವೆನ್ ಇಂಚು ಮಾರುವವರನ್ನು ಮೊದಲು ಕೇಳಬೇಕಾದ್ದು ಕವರಿನ ಫೋಟೋ ಅಲ್ಲ, ಎರಡೂ ಬದಿಯ ಡೆಡ್ ವ್ಯಾಕ್ಸ್ ಫೋಟೋ. ಕೊಡೋಕೆ ಹಿಂದೆಮುಂದೆ ನೋಡಿದರೆ ಬಿಟ್ಟುಬಿಡಿ. ಫೋಟೋ ಬಂದಮೇಲೆ ಡಿಸ್ಕಾಗ್ಸ್ ಅನ್ನೋ ರೆಕಾರ್ಡುಗಳ ವೆಬ್‌ಸೈಟ್ ತೆರೆಯಿರಿ. 2000ದಲ್ಲಿ ಶುರುವಾದ ಈ ಪಟ್ಟಿಯಲ್ಲಿ ಒಂದೊಂದು ಪ್ರೆಸಿಂಗಿಗೂ (ಒಂದೊಂದು ಸಲ ಅಚ್ಚು ಹಾಕಿಸಿದ ಪ್ರತಿಗಳಿಗೂ) ಬೇರೆ ಪುಟ ಇದೆ, ಡೆಡ್ ವ್ಯಾಕ್ಸಿನಲ್ಲಿ ಏನು ಬರೆದಿದೆ ಅಂತ ಅಕ್ಷರ ಅಕ್ಷರವಾಗಿ ಹಾಕಿದ್ದಾರೆ. ಹೋಲಿಸಿ ನೋಡಿ. ಅಧಿಕೃತವಲ್ಲದ ಪ್ರತಿಗಳ ಪುಟವೂ ಅಲ್ಲಿ ಇರುತ್ತೆ, ಅವನ್ನು ಅಲ್ಲಿ ಮಾರೋಕೆ ಬಿಡಲ್ಲ, ಆದರೆ ನಕಲು ಹೇಗಿರುತ್ತೆ ಅಂತ ತಿಳಿಯೋಕೆ ಆ ಪುಟಗಳೇ ಒಳ್ಳೆಯ ಪಾಠ.

ನಾನು ಈ ಪಾಠ ಕಲಿತಿದ್ದು ದುಡ್ಡು ಕಳೆದುಕೊಂಡು. ಹೊರದೇಶದ ಒಬ್ಬ ಮಾರಾಟಗಾರನಿಂದ ಮೊದಲ ಪ್ರೆಸಿಂಗ್ ಅಂತ ಒಂದು ಸೆವೆನ್ ಇಂಚು ತರಿಸಿದೆ. ಕವರ್ ಚೆನ್ನಾಗಿತ್ತು. ಸ್ವಲ್ಪ ಜಾಸ್ತಿಯೇ ಚೆನ್ನಾಗಿತ್ತು. ಭೂತಗನ್ನಡಿ ಇಟ್ಟು ನೋಡಿದರೆ ಅಕ್ಷರಗಳ ಅಂಚೆಲ್ಲ ಚುಕ್ಕಿ ಚುಕ್ಕಿ, ಫೋಟೋದ ಕಪ್ಪು ಭಾಗವೆಲ್ಲ ಮುದ್ದೆಯಾಗಿತ್ತು. ಡೆಡ್ ವ್ಯಾಕ್ಸಿನಲ್ಲಿ ಇರಬೇಕಾದ ಸಾಲು ಇರಲೇ ಇಲ್ಲ. ಆ ದಿನ ತುಂಬಾ ಬೇಜಾರಾಯಿತು, ದುಡ್ಡಿಗಿಂತ ಹೆಚ್ಚಾಗಿ ಆ ಬ್ಯಾಂಡಿನವರು ಕೈಯಲ್ಲಿ ಮುಟ್ಟಿದ ವಸ್ತು ಅಂತ ನಂಬಿದ್ದೆನಲ್ಲ, ಅದಕ್ಕೆ.

ಇತಿಹಾಸ ಗೊತ್ತಿದ್ದರೆ ಇನ್ನೂ ಕೆಲವು ಮೋಸ ತಪ್ಪಿಸಬಹುದು. ಬ್ಯಾಡ್ ಬ್ರೇನ್ಸ್ ಮೊದಲ ಆಲ್ಬಂ 1982ರಲ್ಲಿ ಬಂದಿದ್ದೇ ಕ್ಯಾಸೆಟ್ಟಿನಲ್ಲಿ, ನ್ಯೂಯಾರ್ಕಿನ ರೋಯರ್ ಅನ್ನೋ ಕ್ಯಾಸೆಟ್ ಕಂಪನಿಯಿಂದ. ಅದರ 1982ರ ಒರಿಜಿನಲ್ ಎಲ್‌ಪಿ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಬ್ಲ್ಯಾಕ್ ಫ್ಲ್ಯಾಗಿನ 1981ರ ಎಲ್‌ಪಿ ಹಂಚಬೇಕಿದ್ದ ದೊಡ್ಡ ಕಂಪನಿ, ಇದು ತಂದೆತಾಯಿಗಳ ವಿರುದ್ಧದ ರೆಕಾರ್ಡ್ ಅಂತ ಕೈಬಿಟ್ಟಿತು. ಬ್ಯಾಂಡಿನವರು ಅದೇ ಮಾತನ್ನು ಸ್ಟಿಕರ್ ಮಾಡಿಸಿ ಕವರಿನ ಮೇಲಿದ್ದ ಆ ಕಂಪನಿಯ ಗುರುತಿನ ಮೇಲೆ ಅಂಟಿಸಿದರು. ಆಮೇಲೆ ಕೋರ್ಟ್ ಜಗಳದಲ್ಲಿ ಬ್ಯಾಂಡಿನ ಹೆಸರು ಹಾಕೋ ಹಾಗೇ ಇರಲಿಲ್ಲ. ಆಗ ಬಂದ ಹಳೆಯ ಹಾಡುಗಳ ಜೋಡಿ ಎಲ್‌ಪಿಯ ಮೇಲೆ ಬರೀ ಹಾಡಿದವರ, ನುಡಿಸಿದವರ ಹೆಸರಿದೆ. ಹೆಸರಿಲ್ಲದ ಕವರ್ ನೋಡಿ ನಕಲು ಅಂತ ಬಿಟ್ಟುಬಿಡುವ ಹೊಸಬರಿದ್ದಾರೆ.

ಎಷ್ಟು ಪ್ರತಿ, ಎಷ್ಟು ದುಡ್ಡು

ನೆಕ್ರೋಸ್ ಬ್ಯಾಂಡಿನ ಮೊದಲ ಸೆವೆನ್ ಇಂಚು ಟಚ್ ಅಂಡ್ ಗೋ ಲೇಬಲ್ಲಿನ ಮೊದಲ ರೆಕಾರ್ಡ್, 100 ಪ್ರತಿ. ಎರಡನೆಯದು ದಿ ಫಿಕ್ಸ್ ಬ್ಯಾಂಡಿನದು, 200 ಪ್ರತಿ. ಎರಡೂ 1981. ಇವು ನಮ್ಮಂಥವರ ಕೈಗೆ ಬರಲ್ಲ ಅಂತಲೇ ಅಂದುಕೊಳ್ಳಿ. ಜಡ್ಜ್ ಬ್ಯಾಂಡಿನ ಕಥೆ ಇನ್ನೂ ವಿಚಿತ್ರ. ನ್ಯೂಯಾರ್ಕಿನ ಚುಂಗ್ ಕಿಂಗ್ ಸ್ಟುಡಿಯೋದಲ್ಲಿ ಮಾಡಿದ ರೆಕಾರ್ಡಿಂಗ್ ಅವರಿಗೇ ಹಿಡಿಸಲಿಲ್ಲ. ಇಡೀ ಎಲ್‌ಪಿಯನ್ನು ಬೇರೆ ಕಡೆ ಮತ್ತೆ ಮಾಡಿ 1989ರಲ್ಲಿ ತಂದರು. ಮುಂಗಡ ಕೊಟ್ಟು ಕಾಯುತ್ತಿದ್ದವರಿಗೆ ಅಂತ ಆ ಬಿಟ್ಟುಹೋದ ರೆಕಾರ್ಡಿಂಗನ್ನು ಸುಮಾರು 110 ಪ್ರತಿ ಮಾಡಿಸಿ ಕೊಟ್ಟರು. ಇವತ್ತು ಅದಕ್ಕೆ ಸಾವಿರಾರು ಡಾಲರ್. ಆದರೆ ಅದೇ ಹಾಡುಗಳನ್ನು ರೆವೆಲೇಶನ್ 2005ರ ಸಂಗ್ರಹದಲ್ಲಿ ಹಾಕಿದೆ. ನಿಮಗೆ ಬೇಕಿರೋದು ಸಂಗೀತವೋ, ಆ 110ರಲ್ಲಿ ಒಂದೋ ಅಂತ ಮೊದಲೇ ತೀರ್ಮಾನ ಮಾಡಿ. ಎರಡೂ ಬೇಕು ಅನ್ನೋದು ತಪ್ಪಲ್ಲ, ಆದರೆ ಸಾಲ ಮಾಡಿ ಕೊಳ್ಳಬೇಡಿ.

ಬೆಲೆ ನೋಡುವಾಗ ಮಾರುವವರು ಕೇಳುತ್ತಿರುವ ಬೆಲೆ ನೋಡಬೇಡಿ, ಹಿಂದೆ ನಿಜವಾಗಿ ಮಾರಾಟವಾದ ಬೆಲೆ ನೋಡಿ. ಡಿಸ್ಕಾಗ್ಸ್‌ನಲ್ಲಿ ಅದು ಸಿಗುತ್ತೆ.

ಪ್ಲೇಟಿನ ಸ್ಥಿತಿಗೆ ಕೊಡೋ ದರ್ಜೆಗಳ ಭಾಷೆಯೂ ಗೊತ್ತಿರಲಿ. ಮಿಂಟ್, ನಿಯರ್ ಮಿಂಟ್, ವೆರಿ ಗುಡ್ ಪ್ಲಸ್, ವೆರಿ ಗುಡ್, ಆಮೇಲೆ ಗುಡ್. ಗುಡ್ ಅಂದರೆ ಚೆನ್ನಾಗಿದೆ ಅಂತ ಅಲ್ಲ, ಸಾಕಷ್ಟು ಚಟಪಟ ಅನ್ನುತ್ತೆ ಅಂತ ಅರ್ಥ. ಹಾರ್ಡ್‌ಕೋರ್ ಪ್ಲೇಟಿಗೆ ಇನ್ನೊಂದು ತೊಂದರೆ ಇದೆ. ಇವೆಲ್ಲ ಹುಡುಗರ ಕೋಣೆಗಳಲ್ಲಿ, ಪಾರ್ಟಿಗಳಲ್ಲಿ, ಸವೆದ ಮುಳ್ಳಿನಲ್ಲಿ ನೂರಾರು ಸಲ ಓಡಿದ್ದು. ಕಣ್ಣಿಗೆ ಹೊಳೆಯುತ್ತೆ, ಕಿವಿಗೆ ಒಡೆದ ದನಿ. ಹಾಗಾಗಿ ನೋಡಿ ದರ್ಜೆ ಕೊಟ್ಟಿರೋ, ಹಾಕಿ ಕೇಳಿದಿರೋ ಅಂತ ಮಾರುವವರನ್ನು ಕೇಳಲೇಬೇಕು.

ತರಿಸೋದು, ಇಡೋದು

ಇಲ್ಲಿಗೆ ತರಿಸುವಾಗ ಒಂದೊಂದೇ ಸೆವೆನ್ ಇಂಚು ತರಿಸಿದರೆ ಅಂಚೆ ಖರ್ಚೇ ಪ್ಲೇಟಿಗಿಂತ ಜಾಸ್ತಿ. ಒಬ್ಬರೇ ಮಾರಾಟಗಾರರಿಂದ ನಾಲ್ಕೈದು ಸೇರಿಸಿ ತರಿಸಿ. ಕಸ್ಟಮ್ಸ್ ಸುಂಕ ಬರುತ್ತೆ ಅಂತ ಮೊದಲೇ ಲೆಕ್ಕ ಹಾಕಿಡಿ. ಪ್ಯಾಕ್ ಮಾಡುವಾಗ ಪ್ಲೇಟನ್ನು ಕವರಿನಿಂದ ತೆಗೆದು ಹಿಂದೆ ಇಡಿ ಅಂತ ತಪ್ಪದೇ ಬರೆಯಿರಿ. ಒಳಗೇ ಬಿಟ್ಟರೆ ದಾರಿಯಲ್ಲಿ ಕುಲುಕಾಡಿ ಕವರಿನ ಅಂಚು ಸೀಳುತ್ತೆ. ಕೈಯಲ್ಲಿ ಅಂಟಿಸಿದ ಹಳೆಯ ಕವರ್ ಆದರೆ ಕೇಳೋದೇ ಬೇಡ.

ಮನೆಗೆ ಬಂದಮೇಲೆ ನೆಟ್ಟಗೆ ನಿಲ್ಲಿಸಿ ಇಡಿ, ಒಂದರ ಮೇಲೊಂದು ಪೇರಿಸಬೇಡಿ. ಹಳೆಯ ಪಿವಿಸಿ ಹೊರಕವರ್ ಇದ್ದರೆ ಎಸೆಯಿರಿ. ವರ್ಷಗಟ್ಟಲೆ ಪ್ಲೇಟಿಗೆ ತಾಗಿಕೊಂಡಿದ್ದರೆ ಅದು ಮಂಜು ಕವಿದ ಹಾಗೆ ಕಲೆ ಮಾಡುತ್ತೆ, ಆ ಕಲೆ ಹೋಗಲ್ಲ. ಪಾಲಿಪ್ರೊಪಿಲೀನ್ ಕವರ್ ತಗೊಳ್ಳಿ. ಮಲೆನಾಡು, ಕರಾವಳಿ ಕಡೆಯವರು ಮಳೆಗಾಲದಲ್ಲಿ ಹುಷಾರಾಗಿರಬೇಕು. ಒಂದು ಮಳೆಗಾಲ ನಮ್ಮ ಊರಿನ ಮನೆಯ ಗೋಡೆ ಬೀರುವಿನಲ್ಲಿ ಇಟ್ಟಿದ್ದ ಪ್ಲೇಟುಗಳ ಮೇಲೆ ಬೂಷ್ಟು ಬಂದು, ಒಳಗಿನ ಹಾಡಿನ ಹಾಳೆಗಳು ಒಂದಕ್ಕೊಂದು ಅಂಟಿಕೊಂಡವು. ಪ್ಲೇಟು ಡಿಸ್ಟಿಲ್ಡ್ ವಾಟರಿನಲ್ಲಿ ಮೆತ್ತಗೆ ತೊಳೆದರೆ ಸರಿಯಾಯಿತು. ಹಾಳೆಗಳು ಹೋದವು. ಹೊರಗೋಡೆಗೆ ತಾಗದ ಕಪಾಟಿನಲ್ಲಿ ಇಡಿ, ವಾರಕ್ಕೊಮ್ಮೆ ತೆರೆದು ಗಾಳಿಯಾಡಿಸಿ.

ಕೊನೆಗೆ, ಹಾಕಿ ಕೇಳಿ. ಸೆವೆನ್ ಇಂಚು ಅಂದಮಾತ್ರಕ್ಕೆ ನಿಮಿಷಕ್ಕೆ 45 ಸುತ್ತಿನಲ್ಲೇ ಓಡಬೇಕು ಅಂತಿಲ್ಲ, 33ರದ್ದೂ ಇವೆ, ಲೇಬಲ್ ನೋಡಿ. ನಡುವಿನ ತೂತು ದೊಡ್ಡದಿದ್ದರೆ ಅಡಾಪ್ಟರ್ ಬೇಕು. ಮುಳ್ಳು ಇಡೋ ಮುಂಚೆ ಕಾರ್ಬನ್ ಬ್ರಶ್ಶಿನಲ್ಲಿ ಧೂಳು ತೆಗೆಯಿರಿ, ಡೆಡ್ ವ್ಯಾಕ್ಸಿನಲ್ಲಿ ಏನಿದೆ ಅಂತ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಆಮೇಲೆ ಚಹಾ ತರೋಕೆ ಒಳಗೆ ಹೋಗಬೇಡಿ. ಪ್ಲೇಯರ್ ಪಕ್ಕದಲ್ಲೇ ಕೂತಿರಿ, ನಾಲ್ಕೈದು ನಿಮಿಷದಲ್ಲಿ ಆ ಬದಿ ಮುಗಿದು ಮುಳ್ಳು ಆ ಗೀಚಿದ ಸಾಲಿನ ಹತ್ತಿರ ಬಂದು ಸುತ್ತುತ್ತಿರುತ್ತೆ, ಎತ್ತಿ ತಿರುಗಿಸಿ ಹಾಕಬೇಕು.