ಕಪ್ಪು-ಬಿಳುಪು ಚಿತ್ರಗಳಿಗೆ ನಾನೇ ಮಾಡಿಕೊಂಡ ವೆಬ್‌ಸೈಟ್

ನಾನು ತೆಗೆಯುವುದು ಹೆಚ್ಚಾಗಿ ಕುಮಟಾ ಹತ್ತಿರ ಅಘನಾಶಿನಿ ನದಿ ಕಡಲು ಸೇರುವ ಅಳಿವೆಯ ಚಿತ್ರಗಳನ್ನು, ಅದೂ ಕಪ್ಪು-ಬಿಳುಪಿನಲ್ಲಿ. ಇಳಿತದ ಹೊತ್ತಿಗೆ ಕಣ್ಣು ಹಾಯುವಷ್ಟು ದೂರ ತೆರೆದುಕೊಳ್ಳುವ ಕೆಸರು, ಬೆನ್ನು ಬಾಗಿಸಿ ಬಳಚು ಎಂಬ ಚಿಪ್ಪುಮೀನು ಹೆಕ್ಕುವ ಹೆಂಗಸರು, ಉಪ್ಪುನೀರು ನುಗ್ಗುವ ಗಜನಿ ಗದ್ದೆಯ ಕಟ್ಟು, ಸಾಣಿಕಟ್ಟಾದ ಉಪ್ಪಿನ ಆಗರ. ಎಲ್ಲವೂ ಅಡ್ಡಕ್ಕೆ ಹರಡಿಕೊಂಡ ಸಂಗತಿಗಳು. ಫೋನನ್ನು ನೆಟ್ಟಗೆ ಹಿಡಿದು ನೋಡುವವರಿಗೆಂದೇ ಇರುವ ಸಾಮಾಜಿಕ ಜಾಲತಾಣಗಳಿಗೆ ಇವನ್ನು ಹಾಕಿದರೆ ಆ ಹೆಂಗಸರು ಇರುವೆಗಳಷ್ಟಾಗುತ್ತಾರೆ. ಅವರನ್ನು ದೊಡ್ಡದಾಗಿ ತೋರಿಸೋಣವೆಂದು ಎರಡೂ ಬದಿ ಕತ್ತರಿಸಿದರೆ ಬಯಲೇ ಹೋಗುತ್ತದೆ. ಬಯಲು ಹೋದಮೇಲೆ ಆ ಚಿತ್ರದಲ್ಲಿ ಉಳಿಯುವುದೇನು?

ಸಿದ್ಧ ಟೆಂಪ್ಲೇಟುಗಳನ್ನೂ ನೋಡಿದೆ. ಛಾಯಾಗ್ರಾಹಕರಿಗೆಂದು ಮಾರುವ ಹೆಚ್ಚಿನವು ಮದುವೆ ಫೋಟೋ ತೆಗೆಯುವವರನ್ನು ಮನಸ್ಸಿನಲ್ಲಿಟ್ಟು ಮಾಡಿದವು. ಚಿತ್ರ ತಾನಾಗಿಯೇ ಸರಿಯುತ್ತದೆ, ಮೇಲೆ ಅಕ್ಷರ ತೇಲುತ್ತದೆ, ಬೆರಳಿಟ್ಟರೆ ಉಬ್ಬುತ್ತದೆ. ಎಲ್ಲಕ್ಕಿಂತ ನನಗೆ ಸರಿಬೀಳದಿದ್ದುದು ಚೌಕಗಳ ಗ್ರಿಡ್. ಮೂವತ್ತು ಚಿತ್ರಗಳು ಒಂದರ ಮೈಮೇಲೊಂದು ಬಿದ್ದಂತೆ ಒಟ್ಟಿಗೆ ಕಂಡರೆ ಕಣ್ಣು ಯಾವುದನ್ನೂ ನೋಡುವುದಿಲ್ಲ, ಬರೀ ಆರಿಸುತ್ತದೆ. ಆರಿಸುವ ಕೆಲಸ ನೋಡುಗರದ್ದಲ್ಲ, ನನ್ನದು. ಹಾಗಾಗಿ ನಾನು ಗ್ಯಾಲರಿಯ ಗೋಡೆಗಿಂತ ಪುಸ್ತಕವನ್ನೇ ಮಾದರಿಯಾಗಿ ಇಟ್ಟುಕೊಂಡೆ. ಒಂದು ಪುಟಕ್ಕೆ ಒಂದೇ ಚಿತ್ರ, ಹಿಂದೆ ಮುಂದೆ ಹೋಗಲು ಎರಡು ಕೊಂಡಿ, ಕೊನೆಗೊಂದು ಪರಿವಿಡಿ. ಮುಂದಿನ ತೀರ್ಮಾನಗಳೆಲ್ಲ ಇದರಿಂದಲೇ ಹೊರಟವು.

ಕಂಪ್ಯೂಟರ್ ಮುಟ್ಟುವ ಮೊದಲು ಸ್ಟುಡಿಯೋದಲ್ಲಿ ಪೋಸ್ಟ್‌ಕಾರ್ಡ್ ಅಳತೆಯ ಪ್ರಿಂಟ್ ಹಾಕಿಸಿ ಜಗುಲಿಯ ಮೇಲೆ ಹರಡಿದೆ. ದಿನಾಂಕದ ಪ್ರಕಾರ ಜೋಡಿಸಿದರೆ ಡೈರಿಯಂತಾಯಿತು. ವಿಷಯದ ಪ್ರಕಾರ ಜೋಡಿಸಿದಾಗ ಶಾಲೆಯ ಪ್ರಾಜೆಕ್ಟಿನ ಹಾಗೆ ಕಂಡಿತು. ನೀರಿನ ಮಟ್ಟವನ್ನು ಹಿಡಿದು ಜೋಡಿಸಿದಾಗ ಮಾತ್ರ ಕೂತುಕೊಂಡವು: ಪೂರ್ತಿ ಇಳಿತದ ಬೋಳು ಕೆಸರಿನಿಂದ ಶುರುವಾಗಿ, ಕಾಲುವೆಗಳು ತುಂಬುತ್ತ, ಕೊನೆಗೆ ಕಟ್ಟಿನ ಅಂಚಿಗೆ ಬಂದು ನಿಲ್ಲುವ ಉಬ್ಬರದವರೆಗೆ. ಬೇರೆ ಬೇರೆ ವರ್ಷಗಳಲ್ಲಿ ತೆಗೆದವಾದರೂ ಒಂದೇ ದಿನದ ಹಾಗೆ ಓದಿಸಿಕೊಳ್ಳುತ್ತವೆ. ಈ ಸಾಲಿಗೆ ಹೊಂದದ ಕೆಲವು ಒಳ್ಳೆಯ ಚಿತ್ರಗಳನ್ನು ಕೈಬಿಡಬೇಕಾಯಿತು. ಕಾಂಡ್ಲದ (ಮ್ಯಾಂಗ್ರೋವ್) ಬೇರುಗಳ ಚಿತ್ರವೊಂದು ಸ್ನೇಹಿತರಿಗೆಲ್ಲ ಇಷ್ಟ, ಈಗಲೂ ಕೇಳುತ್ತಾರೆ. ಅದು ಒಂಟಿಯಾಗಿ ಚೆನ್ನ, ಸಾಲಿನಲ್ಲಿ ಅಕ್ಕಪಕ್ಕದವುಗಳ ಬಾಯಿ ಮುಚ್ಚಿಸುತ್ತದೆ.

ಇನ್ನು ಹಿನ್ನೆಲೆಯ ಬಣ್ಣ. ಹೊರಗಿನವರಿಗೆ ಇದು ಅರ್ಧ ನಿಮಿಷದ ಪ್ರಶ್ನೆ ಅನ್ನಿಸಬಹುದು. ನನ್ನ ಮಟ್ಟಿಗೆ ಇಡೀ ಸೈಟಿನ ವಿನ್ಯಾಸದಲ್ಲಿ ಇದಕ್ಕಿಂತ ದೊಡ್ಡ ಪ್ರಶ್ನೆ ಬೇರೆ ಇರಲಿಲ್ಲ. ಆಗರದ ಚಿತ್ರವೊಂದರಲ್ಲಿ ಉಪ್ಪಿನ ರಾಶಿ ಬಲ ಅಂಚಿಗೆ ತಾಗಿಕೊಂಡಿದೆ. ಮೇಲೆ ಬಿಸಿಲು ಬಿದ್ದಿರುವುದರಿಂದ ರಾಶಿಯ ತುದಿ ಹೆಚ್ಚುಕಡಿಮೆ ಅಪ್ಪಟ ಬಿಳಿ. ಬಿಳಿ ಪುಟದ ಮೇಲಿಟ್ಟರೆ ಚಿತ್ರದ ಬಲ ಅಂಚೇ ಕರಗಿ, ಯಾರೋ ಹರಿದುಕೊಂಡು ಹೋದಂತೆ ಕಾಣುತ್ತದೆ. ಕಪ್ಪು ಪುಟದ ಮೇಲಿಟ್ಟರೆ ಅದೇ ಉಪ್ಪು ಕಣ್ಣು ಚುಚ್ಚುವಷ್ಟು ಹೊಳೆಯುತ್ತದೆ, ಕೆಸರಿನ ನೆರಳಿನಲ್ಲಿರುವ ಬೂದು ಛಾಯೆಗಳು ಮುಳುಗಿ ಹೋಗುತ್ತವೆ. ಕಣ್ಣು ಬೂದನ್ನು ಅಳೆಯುವುದು ಅದರ ಸುತ್ತ ಏನಿದೆ ಎಂಬುದರ ಮೇಲೆ. ಚಿತ್ರದಲ್ಲಿ ಒಂದು ಪಿಕ್ಸೆಲ್ಲೂ ಬದಲಾಗದೆ ಚಿತ್ರವೇ ಬೇರೆಯಾಗಿಬಿಡುತ್ತದೆ.

ಹಳೆ ಕಾಗದದಂಥ ಹಳದಿ ಮಿಶ್ರಿತ ಬಿಳಿಯನ್ನು ಹಲವರು ಬಳಸುತ್ತಾರೆ, ನೋಡಲು ಹಿತವೇ. ಆದರೆ ಅದರ ಪಕ್ಕದಲ್ಲಿ ಬಣ್ಣವಿಲ್ಲದ ಬೂದು ನೀಲಿಗೆ ತಿರುಗಿದಂತೆ ಕಾಣುತ್ತದೆ. ಕೊನೆಗೆ ಉಳಿದದ್ದು ಕೆಂಪು, ಹಸಿರು, ನೀಲಿ ಮೂರೂ (0 ಕಪ್ಪು, 255 ಬಿಳಿ ಎಂಬ ಅಳತೆಯಲ್ಲಿ) 232ರಲ್ಲಿ ಸಮ ಇರುವ ತಿಳಿ ಬೂದು. ಉಪ್ಪಿಗಿಂತ ಒಂದು ಮೆಟ್ಟಿಲು ಕೆಳಗೆ, ಮಳೆಗಾಲದ ಆಕಾಶಕ್ಕಿಂತ ಮೇಲೆ. ನ್ಯೂಯಾರ್ಕಿನ ಫಿಫ್ತ್ ಅವೆನ್ಯೂದಲ್ಲಿ 1905ರಲ್ಲಿ ಛಾಯಾಗ್ರಾಹಕ ಆಲ್ಫ್ರೆಡ್ ಸ್ಟೀಗ್ಲಿಟ್ಸ್ ತೆರೆದ ಸಣ್ಣ ಗ್ಯಾಲರಿಯಲ್ಲಿ ಫೋಟೋಗಳನ್ನು ಮಂದ ಬಣ್ಣದ ಗೋಣಿಬಟ್ಟೆಯ ಗೋಡೆಯ ಮೇಲೆ, ನಡುನಡುವೆ ಜಾಗ ಬಿಟ್ಟು ತೂಗುಹಾಕುತ್ತಿದ್ದರು. ಅಲ್ಲಿಯವರೆಗಿನ ರೂಢಿಯೆಂದರೆ ಗೋಡೆ ಕಾಣದಂತೆ ಮೇಲೆ ಕೆಳಗೆ ಒತ್ತಿ ತುಂಬುವುದು. ಗ್ರಿಡ್ ಬೇಡವೆಂದು ಹಟ ಹಿಡಿದವನಿಗೆ ಇದನ್ನು ಓದಿದಾಗ ಸ್ವಲ್ಪ ಧೈರ್ಯ ಬಂತು.

ಚಿತ್ರಗಳ ಫೈಲ್ ತಯಾರಿಸುವುದರಲ್ಲಿ ಒಂದು ವಿಷಯ ವಿಶೇಷವಾಗಿ ಹೇಳಬೇಕು. ನನ್ನ ಹಲವು ಚಿತ್ರಗಳಲ್ಲಿ ಮೇಲಿನ ಅರ್ಧ ಬರೀ ಮೋಡ. ಅದೂ ಒಂದು ಬೂದಿನಿಂದ ಇನ್ನೊಂದಕ್ಕೆ ಗೊತ್ತಾಗದಂತೆ ಜಾರುವ ಆಷಾಢದ ಮೋಡ. ಜೇಪೆಗ್ ಫೈಲಿನಲ್ಲಿ ಕಪ್ಪಿನಿಂದ ಬಿಳಿಗೆ ಹೋಗಲು ಇರುವುದು 256 ಮೆಟ್ಟಿಲು ಮಾತ್ರ. ಇಡೀ ಆಕಾಶ ಅದರಲ್ಲಿ ಹತ್ತು ಹದಿನೈದು ಮೆಟ್ಟಿಲನ್ನಷ್ಟೇ ಬಳಸಿದರೆ, ದೊಡ್ಡ ಪರದೆಯ ಮೇಲೆ ಆ ಮೆಟ್ಟಿಲುಗಳು ಪಟ್ಟೆಪಟ್ಟೆಯಾಗಿ ಎದ್ದು ಕಾಣುತ್ತವೆ. ಇದಕ್ಕೆ ನಾನು ಕಂಡುಕೊಂಡ ಮದ್ದು ತೀರಾ ಸಣ್ಣ ಗ್ರೇನ್, ಅಂದರೆ ಹಳೆ ಫಿಲ್ಮಿನ ಮರಳಿನಂಥ ಚುಕ್ಕಿಗಳು. ಕೊನೆಯವರೆಗೂ ಹೆಚ್ಚು ಮೆಟ್ಟಿಲುಗಳಿರುವ 16 ಬಿಟ್ಟಿನಲ್ಲೇ ಕೆಲಸ ಮಾಡಿ, ಬೇಕಾದ ಅಳತೆಗೆ ಕಿರಿದುಗೊಳಿಸಿ, ಆಮೇಲೆ ಹದವಾಗಿ ಶಾರ್ಪನ್ ಮಾಡಿ, ಕಟ್ಟಕಡೆಗೆ ಗ್ರೇನ್ ಉದುರಿಸಿ 256 ಮೆಟ್ಟಿಲಿನ 8 ಬಿಟ್ಟಿಗೆ ಇಳಿಸುವುದು. ಕ್ರಮ ಹಿಂದುಮುಂದಾಗಬಾರದು. ಗ್ರೇನ್ ಹಾಕಿದ ಮೇಲೆ ಕಿರಿದುಗೊಳಿಸಿದರೆ ಗ್ರೇನೂ ಕಲಸಿಹೋಗಿ ಪಟ್ಟೆ ವಾಪಸು ಬರುತ್ತದೆ. ಗ್ರೇನಿನಿಂದ ಫೈಲ್ ದಪ್ಪವಾಗುತ್ತದೆ, ಅದು ಕೊಡಲೇಬೇಕಾದ ಬೆಲೆ. ಇನ್ನೊಂದು ಫೈಲ್ ಮಾದರಿಯಾದ ವೆಬ್‌ಪಿಯಲ್ಲೂ ಮಾಡಿ ಪಕ್ಕಪಕ್ಕ ಇಟ್ಟು ನೋಡಿದೆ. ಫೈಲಿನ ಅದೇ ಗಾತ್ರಕ್ಕೆ ಆಕಾಶ ನುಣ್ಣಗೆ ಬೋಳಾಗಿ ಕಂಡಿತು, ಜೇಪೆಗ್‌ನಲ್ಲೇ ಉಳಿದೆ.

ಒಂದೊಂದು ಚಿತ್ರವನ್ನೂ 800, 1400, 2200 ಪಿಕ್ಸೆಲ್ ಅಗಲದ ಮೂರು ಫೈಲಾಗಿ ಇಟ್ಟಿದ್ದೇನೆ. ಪುಟ ಬರೆಯುವ ಭಾಷೆಯಾದ ಎಚ್‌ಟಿಎಂಎಲ್‌ನಲ್ಲಿ ಮೂರನ್ನೂ ಪಟ್ಟಿ ಮಾಡಿ ಕೊಟ್ಟರೆ ಪರದೆಗೆ ಯಾವುದು ಸಾಕೋ ಅದನ್ನು ಬ್ರೌಸರೇ ಆರಿಸಿಕೊಳ್ಳುತ್ತದೆ. ಚಿತ್ರದ ಅಗಲ, ಎತ್ತರವನ್ನೂ ಅಲ್ಲೇ ಬರೆದಿಟ್ಟರೆ ಚಿತ್ರ ಇಳಿಯುವ ಮೊದಲೇ ಅದಕ್ಕೆ ಜಾಗ ಖಾಲಿ ಬಿಟ್ಟಿರುತ್ತದೆ, ಓದುತ್ತಿರುವ ಸಾಲು ಧಡಕ್ಕನೆ ಕೆಳಗೆ ಹಾರುವುದಿಲ್ಲ. ಕುಮಟಾದಾಚೆ ಹಳ್ಳಿಗಳಲ್ಲಿ ನೆಟ್‌ವರ್ಕ್ ಹೇಗಿರುತ್ತದೆಂದು ಗೊತ್ತಿದ್ದವರಿಗೆ ಇದರ ಬೆಲೆ ಗೊತ್ತು. ಕಪ್ಪು-ಬಿಳುಪಿನವರಿಗೆ ಇನ್ನೊಂದು ಕಿವಿಮಾತು: ಪ್ರಿಂಟಿಗೆಂದು ಗ್ರೇಸ್ಕೇಲ್ ಪ್ರೊಫೈಲಿನಲ್ಲಿ (ಬೂದು ಛಾಯೆಗಳನ್ನು ಹೇಗೆ ಓದಬೇಕೆಂದು ಹೇಳುವ ಟಿಪ್ಪಣಿ) ಉಳಿಸಿದ ಫೈಲನ್ನು ಹಾಗೆಯೇ ವೆಬ್ಬಿಗೆ ಏರಿಸಬೇಡಿ, ವೆಬ್ಬಿನ ಸಾಮಾನ್ಯ ಬಣ್ಣದ ಪ್ರೊಫೈಲಾದ ಎಸ್‌ಆರ್‌ಜಿಬಿಗೆ ಪರಿವರ್ತಿಸಿ. ಇಲ್ಲದಿದ್ದರೆ ಒಂದು ಕಡೆ ನೆರಳು ತೆರೆದುಕೊಳ್ಳುತ್ತದೆ, ಇನ್ನೊಂದು ಕಡೆ ಮುಚ್ಚಿಕೊಳ್ಳುತ್ತದೆ. ಏರಿಸುವ ಮೊದಲು ಫೈಲಿನೊಳಗಿನ ಜಿಪಿಎಸ್ ಮಾಹಿತಿಯನ್ನೂ ತೆಗೆಯುತ್ತೇನೆ, ಹೆಸರು ಮತ್ತು ಹಕ್ಕಿನ ಸಾಲು ಮಾತ್ರ ಉಳಿಯುತ್ತದೆ. ಬಳಚು ಸಿಗುವ ಜಾಗ ಹೆಕ್ಕುವವರ ಗುಟ್ಟು. ನನ್ನ ಫೋಟೋ ಅದನ್ನು ಊರಿಗೆಲ್ಲ ಸಾರಬಾರದು.

ಫೋನಿನ ಪರದೆಯಲ್ಲಿ ಚಿತ್ರ ಎಷ್ಟು ಎತ್ತರ ಇರಬೇಕು? ಪರದೆಯ ಎತ್ತರದ ನೂರಕ್ಕೆ ನೂರು ಎಂದು ಪುಟದ ರೂಪ ಹೇಳುವ ಸಿಎಸ್‌ಎಸ್‌ನಲ್ಲಿ ಬರೆದರೆ ಫೋನ್ ಬ್ರೌಸರುಗಳು ವಿಳಾಸಪಟ್ಟಿಯ ಅಡಿಯ ಜಾಗವನ್ನೂ ಲೆಕ್ಕಕ್ಕೆ ಹಿಡಿಯುತ್ತವೆ, ಚಿತ್ರದ ಒಂದು ಅಂಚು ಅಡಗಿ ಕೂರುತ್ತದೆ. ಈಗ ಅದಕ್ಕೆ ಎಸ್‌ವಿಎಚ್ ಎಂಬ ಅಳತೆ ಬಂದಿದೆ, ವಿಳಾಸಪಟ್ಟಿ ಬಿಟ್ಟು ಉಳಿಯುವ ಎತ್ತರ ಅದು. ಅದರ ನೂರಕ್ಕೆ 82 ಭಾಗವನ್ನು ಚಿತ್ರದ ಗರಿಷ್ಠ ಎತ್ತರವಾಗಿ ಕೊಟ್ಟಿದ್ದೇನೆ. ಕೆಳಗೆ ಶೀರ್ಷಿಕೆಯ ತಲೆ ಇಣುಕಿದರೆ ಇನ್ನೂ ಏನೋ ಇದೆಯೆಂದು ಬೆರಳಿಗೆ ಗೊತ್ತಾಗುತ್ತದೆ. ಫೋನನ್ನು ಅಡ್ಡ ತಿರುಗಿಸಿದರೆ ಹೆಸರು, ಮೆನು ಎಲ್ಲ ಮಾಯವಾಗಿ ಚಿತ್ರವೊಂದೇ ಉಳಿಯುತ್ತದೆ. ಮೆನುವಿನಲ್ಲಿ ಇರುವುದೂ ಮೂರೇ: ಚಿತ್ರಗಳು, ಪ್ರಿಂಟ್, ನಾನು. ಮೂರು ಗೆರೆಯ ಗುಂಡಿಯೊಳಗೆ ಅವನ್ನು ಬಚ್ಚಿಡುವ ಅಗತ್ಯ ಬೀಳಲಿಲ್ಲ.

ಕನ್ನಡದ ಅಕ್ಷರ ಕೂರಿಸುವುದು ಬೇರೆಯೇ ಕಥೆ. ವೆಬ್ಬಿನ ಸಿದ್ಧ ಶೈಲಿಗಳು ಇಂಗ್ಲಿಷಿನ ಅಳತೆಗೆ ಹೊಲಿದ ಅಂಗಿಗಳು. ‘ಸಾಣಿಕಟ್ಟಾ’ ಎಂದು ದೊಡ್ಡ ಅಕ್ಷರದಲ್ಲಿ ಬರೆದು ಸಾಲಿನ ಎತ್ತರವನ್ನು ಅಕ್ಷರದ ಅಳತೆಯ 1.2 ಪಟ್ಟು ಬಿಟ್ಟರೆ ಟಕಾರದ ಒತ್ತು ಕೆಳಗಿನ ಸಾಲಿಗೆ ಗುದ್ದುತ್ತದೆ. ಡಬ್ಬಿಯೊಳಗಿದ್ದರೆ ಕತ್ತರಿಸಿಯೇ ಹೋಗುತ್ತದೆ. 1.7ರಿಂದ ಮೇಲಕ್ಕೆ ಹೋದಮೇಲೆ ಅಕ್ಷರ ಉಸಿರಾಡಿದವು. ಅಕ್ಷರಗಳ ನಡುವೆ ಅಂತರ ಹೆಚ್ಚಿಸಿ ಚಂದ ಕಾಣಿಸುವ ಇಂಗ್ಲಿಷ್ ಸೊಗಸು ನಮ್ಮ ಲಿಪಿಗೆ ಒಗ್ಗುವುದಿಲ್ಲ, ಪದ ಒಡೆದು ಚೂರಾಗುತ್ತದೆ. ಫಾಂಟ್ ನೋಟೋ ಸೆರಿಫ್ ಕನ್ನಡ, ಒಂದೇ ದಪ್ಪದ್ದು, ನನ್ನ ಸೈಟಿನಿಂದಲೇ ಇಳಿಯುವಂತೆ ಇಟ್ಟಿದ್ದೇನೆ.

ಪುಟದ ವಿಳಾಸವನ್ನು ಮಾತ್ರ ಕನ್ನಡದಲ್ಲಿ ಇಡಲಿಲ್ಲ. ಕನ್ನಡಾಭಿಮಾನ ಕಡಿಮೆಯಾಗಿ ಅಲ್ಲ. ವಿಳಾಸದಲ್ಲಿ ಒಂದು ಕನ್ನಡ ಅಕ್ಷರ ಮೂರು ಬೈಟ್, ಅಂದರೆ ಶೇಕಡಾ ಚಿಹ್ನೆಗಳೂ ಸೇರಿ ಒಂಬತ್ತು ಸಂಕೇತಗಳಾಗಿ ಬಿಚ್ಚಿಕೊಳ್ಳುತ್ತದೆ. ಅದನ್ನು ಯಾರಾದರೂ ನಕಲು ಮಾಡಿ ವಾಟ್ಸಾಪಿಗೆ ಅಂಟಿಸಿದರೆ ಅರ್ಧ ಪರದೆ ತುಂಬುವ ಗೂಡ್ಸ್ ರೈಲು. ‘ಉಪ್ಪಿನ ರಾಶಿ’ ಎಂಬ ಪುಟದ ವಿಳಾಸ ಇಂಗ್ಲಿಷ್ ಲಿಪಿಯಲ್ಲಿದೆ, ಪುಟದೊಳಗೆಲ್ಲ ಕನ್ನಡ. ಚಿತ್ರ ಕಾಣದವರಿಗೆ ಸ್ಕ್ರೀನ್ ರೀಡರ್ ಓದಿ ಹೇಳುವ ಆಲ್ಟ್ ಪಠ್ಯವೂ ಕನ್ನಡದಲ್ಲೇ ಇದೆ: ‘ಒಣಗಿದ ಆಗರದ ನಡುವೆ ಆಳೆತ್ತರದ ಉಪ್ಪಿನ ರಾಶಿ, ಎಡಕ್ಕೆ ಬುಟ್ಟಿ ಹೊತ್ತ ಒಬ್ಬಾಕೆ, ಹಿಂದೆ ಬೆಟ್ಟದ ಗೆರೆ.’ ಇಷ್ಟೇ. ‘ಮನಮೋಹಕ’, ‘ಅದ್ಭುತ’ ಎಂಬ ಮಾತುಗಳನ್ನು ಕೇಳುಗರು ತಾವೇ ಸೇರಿಸಿಕೊಳ್ಳಲಿ, ಅಥವಾ ಬಿಡಲಿ. 2024ರ ಆರಂಭದಲ್ಲಿ ಅಳಿವೆ ಜಾಗತಿಕ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ ಸುದ್ದಿ ಬಂದಮೇಲೆ ಈ ಪುಟ್ಟ ವಿವರಣೆಗಳ ದೆಸೆಯಿಂದಲೇ ಕೆಲವರು ಹುಡುಕಿಕೊಂಡು ಬಂದರು.

ಮುಗಿಯಿತು ಅನ್ನಿಸಿದಾಗ ಚೌಕಟ್ಟು ಹಾಕುವ ಅಂಗಡಿಯವರ ಕೈಗೆ ಫೋನ್ ಕೊಟ್ಟೆ. ಏನನ್ನೂ ವಿವರಿಸಲಿಲ್ಲ, ಸುಮ್ಮನೆ ಪಕ್ಕದಲ್ಲಿ ನಿಂತೆ. ಅವರು ಬಿಸಿಲಿಗೆ ಕೈ ಅಡ್ಡ ಹಿಡಿದು ಮೂರ್ನಾಲ್ಕು ಪುಟ ತಿರುವಿದರು. ಶೀರ್ಷಿಕೆಗೆ ನಾನು ಕೊಟ್ಟಿದ್ದ ನಾಜೂಕು ತಿಳಿ ಬೂದು ಅಕ್ಷರ ಆ ಬಿಸಿಲಲ್ಲಿ ಅವರಿಗೆ ಕಾಣಲೇ ಇಲ್ಲ. ಸಂಜೆಯೇ ಗಾಢ ಮಾಡಿದೆ. ಆಮೇಲೆ ಅವರು ಕೇಳಿದ್ದು ಒಂದೇ, ‘ಇದು ಎಷ್ಟು ದೊಡ್ಡದು ಮಾರಾಯ್ರೆ?’ ಪರದೆಯಲ್ಲಿ ಎಲ್ಲ ಚಿತ್ರಗಳೂ ಒಂದೇ ಅಳತೆ. ಅಂಗೈಯಗಲದ ಪ್ರಿಂಟೋ ಗೋಡೆಯಗಲದ್ದೋ ಹೇಗೆ ತಿಳಿಯಬೇಕು? ಎ3, ಎ2 ಎಂದು ಬರೆದರೆ ಪ್ರೆಸ್ಸಿನವರಿಗಷ್ಟೇ ಅರ್ಥ. ಹಾಗಾಗಿ ಪ್ರಿಂಟ್ ಪುಟದಲ್ಲಿ ಒಂದು ಕುರ್ಚಿಯ ಗೆರೆಚಿತ್ರ ಬಿಡಿಸಿ, ಅದರ ಮೇಲಿನ ಗೋಡೆಯಲ್ಲಿ ಎರಡು ಅಳತೆಯ ಆಯತಗಳನ್ನು ಅದೇ ಪ್ರಮಾಣದಲ್ಲಿ ತೋರಿಸಿದೆ. ಕೆಳಗೆ ಅಳತೆ ಇಂಚಿನಲ್ಲಿ, ಕಾಗದ ಯಾವುದು, ಎಷ್ಟು ಪ್ರತಿಗಳ ಮಿತಿ, ಬೆಲೆ ಎಷ್ಟು, ಎಲ್ಲ ಸ್ಪಷ್ಟವಾಗಿ. ‘ಬೆಲೆಗಾಗಿ ಸಂಪರ್ಕಿಸಿ’ ಎಂದು ಬರೆಯುವುದು ನನಗೆ ಸೇರದು. ಕೊಳ್ಳುವ ಮನಸ್ಸಿದ್ದರೂ ಕೇಳಲು ಸಂಕೋಚಪಡುವವರೇ ನಮ್ಮಲ್ಲಿ ಹೆಚ್ಚು.

ಕಳ್ಳತನದ ಭಯದ ಬಗ್ಗೆ ಎಲ್ಲರೂ ಕೇಳುತ್ತಾರೆ. ರೈಟ್ ಕ್ಲಿಕ್ ತಡೆದರೆ ತಡೆಯುವುದು ಪ್ರಾಮಾಣಿಕರನ್ನು ಮಾತ್ರ, ಉಳಿದವರಿಗೆ ಸ್ಕ್ರೀನ್‌ಶಾಟ್ ಇದೆ. ಚಿತ್ರದ ನಡುಮಧ್ಯೆ ಹೆಸರು ಅಡ್ಡಲಾಗಿ ಬರೆದರೆ ನೋಡಲು ಬಂದವರಿಗೇ ಶಿಕ್ಷೆ. 2200 ಪಿಕ್ಸೆಲ್ಲಿನಿಂದ ಒಳ್ಳೆಯ ದೊಡ್ಡ ಪ್ರಿಂಟ್ ಬರುವುದಿಲ್ಲ, ನನಗೆ ಅಷ್ಟು ಸಾಕು.

ಒಳಗೆ ಡೇಟಾಬೇಸ್ ಇಲ್ಲ, ಪ್ಲಗಿನ್ ಇಲ್ಲ. ಬರೀ ಎಚ್‌ಟಿಎಂಎಲ್ ಫೈಲುಗಳು, ಒಂದು ಸಿಎಸ್‌ಎಸ್, ಬಾಣದ ಕೀಲಿಗಳಿಂದ ಪುಟ ತಿರುವಲು ನಾಲ್ಕು ಸಾಲು ಸ್ಕ್ರಿಪ್ಟ್. ಇಂಥ ಸೈಟನ್ನು ಗಿಟ್‌ಹಬ್ ಪೇಜಸ್‌ನಂಥ ಕಡೆ ಪುಕ್ಕಟೆ ಇಡಬಹುದು, ಖರ್ಚು ಡೊಮೇನ್ ಹೆಸರಿನದ್ದು ಮಾತ್ರ. ಚಿತ್ರದಲ್ಲಿ ಮುಖ ಗುರುತು ಸಿಗುವ ಹೆಂಗಸರಿಗೆ ಅವರವರ ಪುಟ ತೋರಿಸಿ, ಒಪ್ಪಿದ ಮೇಲಷ್ಟೇ ಸೇರಿಸಿದ್ದೇನೆ. ಒಬ್ಬರು ಬೇಡವೆಂದರು, ಅದು ಸಾಲಿನಲ್ಲಿಲ್ಲ. ಸದ್ಯ ಉಳಿದಿರುವುದು ಪರಿವಿಡಿಯ ಪುಟ. ಅಲ್ಲಿ ಈಗ ಹೆಸರುಗಳ ಪಟ್ಟಿ ಮಾತ್ರ ಇದೆ. ಚಿತ್ರ ನೆನಪಿದ್ದು ಹೆಸರು ಮರೆತವರಿಗೆ ಅದು ಉಪಯೋಗವಿಲ್ಲ. ಕತ್ತರಿಸದ ಪುಟಾಣಿ ಚಿತ್ರಗಳನ್ನು ಹೆಸರಿನ ಪಕ್ಕ ಒಂದೊಂದಾಗಿ ಇಡುವ ಕೆಲಸ ಈ ಮಳೆಗಾಲದಲ್ಲಿ ನಡೆದಿದೆ.