ಬಸ್ಸಿನ ಎಡಗಡೆ ಸಂದಿಗೆ ನುಗ್ಗಬೇಡಿ

ಬೆಂಗಳೂರಲ್ಲಿ ಸೈಕಲ್ ತುಳಿಯುವವರೇ, ಸ್ಟಾಪಿನ ಕಡೆ ಸರಿಯುತ್ತಿರುವ ಬಿಎಂಟಿಸಿ ಬಸ್ಸಿನ ಎಡಗಡೆ ದಯವಿಟ್ಟು ನುಗ್ಗಬೇಡಿ. ದೊಡ್ಡ ಬಸ್ಸು ಸುಮಾರು 12 ಮೀಟರ್ ಉದ್ದ, ಡ್ರೈವರ್ ಕೂರುವುದು ಬಲಗಡೆ. ಎಡಕ್ಕೆ ಒತ್ತಿಕೊಂಡು ಬರುವ ಸೈಕಲ್ ಎಷ್ಟೋ ಸಲ ಅವರಿಗೆ ಕಾಣುವುದೇ ಇಲ್ಲ. ಬಸ್ಸಿನ ಕನ್ನಡಿಯಲ್ಲಿ ಅವರ ಮುಖ ನಿಮಗೆ ಕಾಣದಿದ್ದರೆ, ನೀವೂ ಅವರಿಗೆ ಕಾಣುತ್ತಿಲ್ಲ ಎಂದೇ ತಿಳಿಯಿರಿ. ಜನ ಇಳಿಯುವುದೂ ಆ ಕಡೆಯೇ ಅಲ್ವಾ?

ಸುಮ್ನೆ ಹಿಂದೆ ನಿಲ್ಲಿ. ಬಸ್ಸು ಜಾಸ್ತಿ ಹೊತ್ತು ನಿಂತರೆ, ಹಿಂದಕ್ಕೆ ನೋಡಿ, ಕೈ ತೋರಿಸಿ, ಬಲಗಡೆ ಸಾಕಷ್ಟು ಜಾಗ ಬಿಟ್ಟು ದಾಟಿ. ಬಲಗಡೆ ಇಂಡಿಕೇಟರ್ ಹಾಕಿದ್ದರೆ ಅದೂ ಬೇಡ, ಬಸ್ಸು ಹೊರಡುತ್ತಿದೆ. ಎಲೆಕ್ಟ್ರಿಕ್ ಬಸ್ಸಿಗೆ ಸದ್ದು ಕಡಿಮೆ. ಕಿವಿ ನಂಬಬೇಡಿ, ಬಸ್ಸಿನ ಮುಂದಿನ ಚಕ್ರ ತಿರುಗುತ್ತಿದೆಯಾ ನೋಡಿ.