ಹುಬ್ಬಳ್ಳಿ–ಮೈಸೂರು ಹಾರಾಟದ ಸಮಯ: ನನ್ನ ಲೆಕ್ಕ, ನನ್ನ ಅನುಭವ

ಹುಬ್ಬಳ್ಳಿಯಿಂದ ಮೈಸೂರಿಗೆ ಮದುವೆ ದಿಬ್ಬಣಗಳನ್ನೂ ದಸರಾ ತಂಡಗಳನ್ನೂ ಎಟಿಆರ್ ಎಂಬ ಪ್ರೊಪೆಲ್ಲರ್ ವಿಮಾನದಲ್ಲಿ ಕಳುಹಿಸುತ್ತಿದ್ದ ದಿನಗಳಲ್ಲಿ, ಮೈಸೂರಿನ ವಿಮಾನ ನಿಲ್ದಾಣವಿರುವ ಮಂಡಕಳ್ಳಿಗೆ ಮಿನಿ ಬಸ್ಸನ್ನು ಎಷ್ಟು ಹೊತ್ತಿಗೆ ಕರೆಸಬೇಕು ಎಂಬುದರ ಮೇಲೆಯೇ ನನ್ನ ಲಾಭ ನಿಂತಿರುತ್ತಿತ್ತು. ವಿಮಾನ ತಡವಾಗಿ ಹೊರಟ ದಿನ ವೇಳಾಪಟ್ಟಿ ಕೆಲಸಕ್ಕೆ ಬರುವುದಿಲ್ಲ. ಬಾಗಿಲು ಮುಚ್ಚಿದ ಗಳಿಗೆಯಿಂದ ನಾವೇ ಎಣಿಸಬೇಕಾಗುತ್ತದೆ.

ನನ್ನಂತೆಯೇ ಪ್ರವಾಸದ ಏಜೆಂಟರಾಗಿದ್ದ ವೃತ್ತಿಬಾಂಧವರ ಬಳಿ ಇದ್ದದ್ದು ಒಂದೇ ಲೆಕ್ಕ. ಸಣ್ಣ ಊರುಗಳಿಗೆ ಅಗ್ಗದ ವಿಮಾನ ಸೇವೆ ಒದಗಿಸುವ ಕೇಂದ್ರ ಸರ್ಕಾರದ ಉಡಾನ್ ಯೋಜನೆಯು ಸುಮಾರು 500 ಕಿಲೋಮೀಟರಿನ ಒಂದು ಗಂಟೆಯ ಹಾರಾಟಕ್ಕೆ 2,500 ರೂಪಾಯಿಯ ದರಮಿತಿ ಹಾಕಿದ್ದರಿಂದ, ದೂರವನ್ನು 500ರಿಂದ ಭಾಗಿಸಿದರೆ ಸಮಯ ಸಿಕ್ಕಿತೆಂದು ಅವರು ನಂಬಿದ್ದರು. ಅಂತರ್ಜಾಲದ ದೂರಸೂಚಕಗಳು ಜೆಟ್ ವೇಗ ಹಿಡಿದು ಅರ್ಧ ಗಂಟೆ ಎನ್ನುತ್ತಿದ್ದವು. ಎರಡರಲ್ಲಿ ಯಾವುದನ್ನು ನಂಬಿದರೂ ಬಸ್ಸು ಬೇಗ ಬಂದು ನಿಲ್ಲುತ್ತಿತ್ತು, ಚಾಲಕರು ವೇಟಿಂಗ್ ಚಾರ್ಜ್ ಕೇಳುತ್ತಿದ್ದರು. ನೆನಪಿದ್ದಂತೆ ಒಂದೇ ಹಂಗಾಮಿನಲ್ಲಿ ಆರೇಳು ಸಾವಿರ ರೂಪಾಯಿ ಹೀಗೆ ಹೋಯಿತು.

ಮೊದಲು ಆಕಾಶಮಾರ್ಗದ ನೇರ ದೂರವನ್ನು ಸರಿಪಡಿಸಿಕೊಂಡೆ. ರಸ್ತೆಯ 430–440 ಕಿಲೋಮೀಟರಿನಲ್ಲಿ ಶೇಕಡಾ ಇಷ್ಟೆಂದು ಕಳೆಯುವ ವಿಧಾನ ಬಯಲುಸೀಮೆಯಲ್ಲಿ ಹೇಗೋ ನಡೆಯುತ್ತದೆ, ಮಂಗಳೂರಿನ ಘಟ್ಟದ ದಾರಿ ಬಂದೊಡನೆ ಕೈಕೊಡುತ್ತದೆ. ಗೋಡೆಯ ನಕ್ಷೆಯ ಮೇಲೆ ದಾರವಿಟ್ಟು ಅಳೆದಾಗ ಪ್ರತಿಸಲವೂ ಬೇರೆ ಉತ್ತರ ಬಂತು. ಕೊನೆಗೆ ಎರಡೂ ನಿಲ್ದಾಣಗಳ ಅಕ್ಷಾಂಶ-ರೇಖಾಂಶಗಳನ್ನು ಎಕ್ಸೆಲ್‌ಗೆ ಹಾಕಿ, ರೇಖಾಂಶದ ವ್ಯತ್ಯಾಸವನ್ನು ಸರಾಸರಿ ಅಕ್ಷಾಂಶದ ಕೊಸೈನ್‌ನಿಂದ ಗುಣಿಸಿ, ಡಿಗ್ರಿಗಳನ್ನು ಕಿಲೋಮೀಟರಿಗೆ ಬದಲಿಸಿ, ಪೈಥಾಗೊರಸ್ ಪ್ರಮೇಯವನ್ನೇ ಬಳಸಿದಾಗ ಸುಮಾರು 386 ಕಿಲೋಮೀಟರ್ ಬಂತು. ಇಷ್ಟು ಕಡಿಮೆ ದೂರಕ್ಕೆ ಗೋಳದ ಸೂತ್ರವೂ ಬಹುತೇಕ ಅದೇ ಅಂಕಿಯನ್ನು ಕೊಡುತ್ತದೆ.

ಗಂಟೆಗೆ 500ರಂತೆ ಅದು 46 ನಿಮಿಷ. ಆದರೆ ಎರಡೂ ಕಡೆಯ ರನ್‌ವೇಗಳು ಹೆಚ್ಚುಕಡಿಮೆ ಪೂರ್ವ-ಪಶ್ಚಿಮವಾಗಿವೆ, ನಮ್ಮ ದಾರಿಯೋ ಉತ್ತರ-ದಕ್ಷಿಣ. ಆದ್ದರಿಂದ ಯಾವ ದಿಕ್ಕಿಗೆ ಎದ್ದರೂ ಇಳಿದರೂ ತಿರುವು ತಪ್ಪುವುದಿಲ್ಲ. ಆ ತಿರುವು, ನಿಧಾನದ ಏರಿಕೆ-ಇಳಿಕೆ, ನೆಲದ ಮೇಲಿನ ಓಡಾಟ ಇವಕ್ಕೆಲ್ಲ ಸೇರಿ ನಾನು ಇಪ್ಪತ್ತು ನಿಮಿಷದ ಆಸುಪಾಸಿನ ಒಂದು ಸ್ಥಿರ ಸಂಖ್ಯೆಯನ್ನು ಕೂಡಿಸುತ್ತೇನೆ. ನಿಲ್ದಾಣವಾರು ಅದು ಎಷ್ಟೆಂಬುದು ನನ್ನ ಹೊಟ್ಟೆಪಾಡಿನ ಗುಟ್ಟು, ಇಲ್ಲಿ ಬರೆಯಲಾರೆ. "ವಿಮಾನವೇನು ಎತ್ತಿನಗಾಡಿಯೇ?" ಎಂದು ನಕ್ಕಿದ್ದ ಹಿರಿಯ ಏಜೆಂಟರೊಬ್ಬರು, ನನ್ನ ಅಂದಾಜು ಮೂರು-ನಾಲ್ಕು ನಿಮಿಷಗಳೊಳಗೆ ಕೂಡಿಬರುವುದನ್ನು ಕಂಡ ಮೇಲೆ ತಮ್ಮ ತಂಡಗಳಿಗೂ ನನ್ನನ್ನೇ ಕೇಳತೊಡಗಿದರು.

ಗಾಳಿಯ ಪಾಲು ಎಷ್ಟೆಂದು ತಿಳಿಯಲು ಹೈದರಾಬಾದಿನ ದಾರಿಯನ್ನು ಪರೀಕ್ಷಿಸಿದೆ. ಅದು ಹುಬ್ಬಳ್ಳಿಯಿಂದ 415 ಕಿಲೋಮೀಟರ್ ಆಸುಪಾಸು, ದಿಕ್ಕು ಮಾತ್ರ ಹೆಚ್ಚಾಗಿ ಪೂರ್ವ. ಕಿಟಕಿಯ ಪಕ್ಕದಲ್ಲಿ ಕುಳಿತು, ಫ್ಲೈಟ್ ಮೋಡ್‌ನಲ್ಲಿಯೂ ನಡೆಯುವ ಮೊಬೈಲಿನ ಜಿಪಿಎಸ್‌ನಲ್ಲಿ ವೇಗ ನೋಡುತ್ತಾ ಹೋದಾಗ, ಮಳೆಗಾಲದ ಪಡುವಣ ಗಾಳಿಯಿಂದಾಗಿ ಹೋಗುವಾಗಿನದಕ್ಕಿಂತ ಬರುವಾಗ ಐದಾರು ನಿಮಿಷ ಹೆಚ್ಚು ಹಿಡಿಯಿತು. ಮೈಸೂರಿನ ದಾರಿಗೆ ಆ ಗಾಳಿ ಬಹುಪಾಲು ಅಡ್ಡ ಬೀಸುವುದರಿಂದ ಅಷ್ಟು ಅಂತರ ಕಾಣಲಿಲ್ಲ.

ಸುಮಾರು 207 ಕಿಲೋಮೀಟರಿನ ಮೈಸೂರು–ಮಂಗಳೂರಿಗೆ ಮಾತ್ರ ಈ ಸೂತ್ರವನ್ನು ಹಾಗೆಯೇ ಹಚ್ಚಬಾರದು, ಏಕೆಂದರೆ ಅಲ್ಲಿ ವಿಮಾನ ಏರಿ ಸಮವಾಗುವಷ್ಟರಲ್ಲಿ ಇಳಿಯತೊಡಗುತ್ತದೆ. ಅಂತಹ ಗಿಡ್ಡ ದಾರಿಗಳಿಗೆ ನಾನು ವೇಗವನ್ನೇ 400ಕ್ಕೆ ಇಳಿಸಿಕೊಳ್ಳುತ್ತೇನೆ. ಯಾವ ದಾರಿಯೇ ಆಗಲಿ, ಸಾಮಾನು ಕೈಗೆ ಬರಲು ಇನ್ನೊಂದು ಕಾಲು ಗಂಟೆ ಸೇರಿಸಿಯೇ ಚಾಲಕರಿಗೆ ಸಮಯ ಹೇಳುತ್ತೇನೆ.